ಡಾಪ್ಲರ್ ಸ್ಕ್ಯಾನ್ ಹೇಳುವ ರಕ್ತದ ವೇಗ: ಆ ಅಂಕಿ ಎಲ್ಲಿಂದ ಬರುತ್ತದೆ, ಅದನ್ನು ಇನ್ನಷ್ಟು ನಿಖರಗೊಳಿಸುವುದು ಹೇಗೆ

ಕುತ್ತಿಗೆಯ ರಕ್ತನಾಳಕ್ಕೆ ಡಾಪ್ಲರ್ ಸ್ಕ್ಯಾನ್ ಮಾಡಿಸಿಕೊಂಡವರ ವರದಿಯಲ್ಲಿ ‘ಗರಿಷ್ಠ ವೇಗ ಸೆಕೆಂಡಿಗೆ 140 ಸೆಂಟಿಮೀಟರ್’ ಎಂಬಂಥ ಸಾಲೊಂದು ಇರುತ್ತದೆ. ಕೆಲವು ದಿನಗಳ ನಂತರ ಅದೇ ನಾಳವನ್ನು ಇನ್ನೊಂದು ಕಡೆ ಪರೀಕ್ಷಿಸಿದಾಗ 118 ಎಂದು ಬಂದಿತೆಂದು ಇಟ್ಟುಕೊಳ್ಳೋಣ. ಮೆದುಳಿಗೆ ರಕ್ತ ಒಯ್ಯುವ ಒಳ ಶೀರ್ಷಧಮನಿಯಲ್ಲಿ ಈ ವೇಗ 125ನ್ನು ದಾಟಿದರೆ ನಾಳವು ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಕಿರಿದಾಗಿರಬಹುದೆಂದು ಸೂಚಿಸುವ ತಜ್ಞರ ಒಮ್ಮತದ ಮಾನದಂಡವೊಂದು 2003ರಲ್ಲಿ ಪ್ರಕಟವಾಗಿ ವ್ಯಾಪಕವಾಗಿ ಬಳಕೆಗೆ ಬಂದಿದೆ. ಹಾಗಾಗಿ ಒಂದು ವರದಿ ಗೆರೆಯ ಆಚೆ ಬೀಳುತ್ತದೆ, ಇನ್ನೊಂದು ಈಚೆ. ನಾಳದಲ್ಲಿ ಏನೂ ಬದಲಾಗದೆ, ಯಂತ್ರವೂ ಕೆಡದೆ ಇಷ್ಟು ವ್ಯತ್ಯಾಸ ಬರಬಹುದು. ಅದು ಹೇಗೆ ಬರುತ್ತದೆ ಎಂಬುದನ್ನು ತಿಳಿಯಬೇಕಾದರೆ ಯಂತ್ರವು ರಕ್ತದ ವೇಗವನ್ನು ನೇರವಾಗಿ ಅಳೆಯುವುದೇ ಇಲ್ಲ ಎಂಬ ಸಂಗತಿಯಿಂದ ಆರಂಭಿಸಬೇಕು. ಅದು ಅಳೆಯುವುದು ಧ್ವನಿಯಲ್ಲಾದ ಒಂದು ಸಣ್ಣ ಬದಲಾವಣೆಯನ್ನು. ವೇಗ ಎಂಬುದು ಆ ಬದಲಾವಣೆಯಿಂದ ಲೆಕ್ಕ ಹಾಕಿ ತೆಗೆದ ಅಂಕಿ.

ವೇಗವನ್ನೇ ಏಕೆ ಅಳೆಯಬೇಕು

ತೋಟಕ್ಕೆ ನೀರು ಹಾಯಿಸುವ ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿದರೆ ನೀರು ರಭಸದಿಂದ ಚಿಮ್ಮುತ್ತದೆ. ಅಷ್ಟೇ ನೀರು ಕಿರಿದಾದ ದಾರಿಯಲ್ಲಿ ಹಾಯಬೇಕಾದರೆ ವೇಗವಾಗಿ ಹಾಯಲೇಬೇಕು. ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬಿನ ಪದರ ಕಟ್ಟಿಕೊಂಡು ದಾರಿ ಕಿರಿದಾದಾಗಲೂ ಹೀಗೆಯೇ ಆಗುತ್ತದೆ. ಆ ಜಾಗದಲ್ಲಿ ವೇಗ ಏರುತ್ತದೆ, ಮುಂದೆ ದಾರಿ ಅಗಲವಾದಲ್ಲಿ ಹರಿವು ಸುಳಿಸುಳಿಯಾಗಿ ಕದಡುತ್ತದೆ. ಆದ್ದರಿಂದ ವೇಗ ಏರಿದ ಜಾಗವನ್ನು ಹುಡುಕಿದರೆ ಇಕ್ಕಟ್ಟಾದ ಜಾಗ ಸಿಗುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ನಾಳ ಬಹುತೇಕ ಮುಚ್ಚಿಹೋದಾಗ ಹಾಯುವ ರಕ್ತವೇ ಅತ್ಯಲ್ಪವಾಗಿ, ವೇಗ ಮತ್ತೆ ಇಳಿಯುತ್ತದೆ. ಕಡಿಮೆ ಅಂಕಿ ಎಂದರೆ ಯಾವಾಗಲೂ ಒಳ್ಳೆಯ ಸುದ್ದಿ ಎಂದುಕೊಳ್ಳುವಂತಿಲ್ಲ.

ಹೃದಯದ ಕವಾಟಗಳ ವಿಷಯದಲ್ಲಿ ವೇಗಕ್ಕೆ ಇನ್ನೊಂದು ಉಪಯೋಗವಿದೆ. ಕಿರಿದಾದ ಕವಾಟದ ಎರಡು ಬದಿಗಳ ನಡುವೆ ಎಷ್ಟು ಒತ್ತಡದ ವ್ಯತ್ಯಾಸವಿದೆ ಎಂದು ತಿಳಿಯಲು ಹಿಂದೆ ಸಣ್ಣ ಕೊಳವೆಯನ್ನು ರಕ್ತನಾಳದ ಮೂಲಕ ಹೃದಯದವರೆಗೆ ತೂರಿಸಬೇಕಿತ್ತು. 1970ರ ದಶಕದಲ್ಲಿ ನಾರ್ವೆಯ ಜಾರ್ಲೆ ಹೋಲೆನ್ ಮತ್ತು ಲಿವ್ ಹಾಟ್ಲೆ ಅವರ ಕೆಲಸದಿಂದ ಒಂದು ಸರಳ ಲೆಕ್ಕ ಬಳಕೆಗೆ ಬಂತು: ಮೀಟರಿನಲ್ಲಿ ಹೇಳಿದ ವೇಗವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ನಾಲ್ಕರಿಂದ ಗುಣಿಸಿದರೆ ಒತ್ತಡದ ವ್ಯತ್ಯಾಸವು ಪಾದರಸದ ಮಿಲಿಮೀಟರಿನಲ್ಲಿ ಸಿಗುತ್ತದೆ. ಸೆಕೆಂಡಿಗೆ 4 ಮೀಟರ್ ವೇಗವಿದ್ದರೆ ವ್ಯತ್ಯಾಸ 64. ಮಹಾಪಧಮನಿಯ ಕವಾಟದಲ್ಲಿ ಈ 4 ಮೀಟರ್ ಎಂಬುದೇ ತೀವ್ರ ಸಂಕೋಚನವನ್ನು ಸೂಚಿಸುವ ಗೆರೆ. ವೇಗವನ್ನು ವೇಗದಿಂದಲೇ ಗುಣಿಸುವುದರಿಂದ ಅಳತೆಯ ಸಣ್ಣ ತಪ್ಪು ಇಲ್ಲಿ ದೊಡ್ಡದಾಗುತ್ತದೆ. 4ರ ಬದಲು ಸುಮಾರು 3.5 ಎಂದು ಅಳೆದರೆ ಒತ್ತಡದ ವ್ಯತ್ಯಾಸ 64ರಿಂದ 49ಕ್ಕೆ ಇಳಿಯುತ್ತದೆ, ತೀವ್ರವಾದ ರೋಗ ಮಧ್ಯಮವೆಂಬಂತೆ ಕಾಣುತ್ತದೆ.

ಧ್ವನಿ ತರುವ ಸುದ್ದಿ

ಸಿಳ್ಳೆ ಹಾಕುತ್ತಾ ನಮ್ಮ ಕಡೆಗೆ ಬರುವ ರೈಲಿನ ಸದ್ದು ತೀಕ್ಷ್ಣವಾಗಿ ಕೇಳಿಸುತ್ತದೆ. ರೈಲು ನಮ್ಮನ್ನು ದಾಟಿ ದೂರ ಸರಿಯುತ್ತಿದ್ದಂತೆ ಅದೇ ಸಿಳ್ಳೆ ತಗ್ಗಿದ ಸ್ವರದಲ್ಲಿ ಕೇಳಿಸುತ್ತದೆ. ಧ್ವನಿಯ ಮೂಲ ಹತ್ತಿರ ಬರುತ್ತಿದ್ದರೆ ಸೆಕೆಂಡಿಗೆ ಹೆಚ್ಚು ಅಲೆಗಳು ನಮ್ಮನ್ನು ತಲುಪುತ್ತವೆ, ದೂರ ಹೋಗುತ್ತಿದ್ದರೆ ಕಡಿಮೆ. ಸೆಕೆಂಡಿಗೆ ಎಷ್ಟು ಅಲೆಗಳು ಎಂಬ ಈ ಎಣಿಕೆಗೆ ಆವೃತ್ತಿ ಎಂದು ಹೆಸರು, ಅದರ ಅಳತೆ ಹರ್ಟ್ಸ್. ಆಸ್ಟ್ರಿಯಾದ ಭೌತವಿಜ್ಞಾನಿ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಪ್ರಾಗ್ ನಗರದಲ್ಲಿ ಈ ತತ್ವವನ್ನು ಮಂಡಿಸಿದ್ದು ರೈಲಿಗಾಗಿ ಅಲ್ಲ, ಜೋಡಿ ನಕ್ಷತ್ರಗಳ ಬಣ್ಣವನ್ನು ವಿವರಿಸಲು. ಮೂರು ವರ್ಷಗಳ ನಂತರ ನೆದರ್ಲೆಂಡ್ಸಿನ ಬೈಸ್ ಬಾಲಟ್ ಓಡುವ ರೈಲಿನಲ್ಲಿ ಕಹಳೆ ಊದುವವರನ್ನು ಕೂರಿಸಿ, ನೆಲದ ಮೇಲೆ ನಿಂತ ಸಂಗೀತಗಾರರಿಂದ ಸ್ವರದ ಬದಲಾವಣೆಯನ್ನು ಗುರುತಿಸಿ, ತತ್ವವು ಧ್ವನಿಗೆ ಅನ್ವಯಿಸುವುದನ್ನು ತೋರಿಸಿದರು. ದೇಹದೊಳಗಿನ ಚಲನೆಯನ್ನು ತಿಳಿಯಲು ಈ ತತ್ವವನ್ನು ಮೊದಲಿಗೆ ಬಳಸಿದವರಲ್ಲಿ ಜಪಾನಿನ ಒಸಾಕಾದ ಶಿಗೆಒ ಸಾತೊಮುರಾ ಪ್ರಮುಖರು. ಅದು 1950ರ ದಶಕದ ಮಾತು.

ಪರೀಕ್ಷೆಯಲ್ಲಿ ಚರ್ಮದ ಮೇಲಿಟ್ಟ ಪ್ರೋಬ್ ನಮ್ಮ ಕಿವಿಗೆ ಕೇಳಿಸದಷ್ಟು ಹೆಚ್ಚಿನ ಆವೃತ್ತಿಯ ಧ್ವನಿಯನ್ನು ಒಳಗೆ ಕಳಿಸುತ್ತದೆ. ಈ ಧ್ವನಿಗೇ ಅಲ್ಟ್ರಾಸೌಂಡ್ ಎನ್ನುವುದು. ರಕ್ತದಲ್ಲಿರುವ ಕೆಂಪು ಕಣಗಳು ಅದನ್ನು ಚದುರಿಸುತ್ತವೆ, ಚದುರಿದ್ದರಲ್ಲಿ ಒಂದಿಷ್ಟು ಪ್ರೋಬ್‌ಗೆ ಮರಳುತ್ತದೆ. ಒಂದೊಂದು ಕಣದ ಅಗಲ 7ರಿಂದ 8 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಧ್ವನಿಯ ಒಂದು ಅಲೆಯ ಉದ್ದವೇ ಸುಮಾರು 0.3 ಮಿಲಿಮೀಟರ್. ಇಷ್ಟು ಉದ್ದದ ಅಲೆಗೆ ಅಷ್ಟು ಸಣ್ಣ ಕಣದಿಂದ ಬರುವ ಮಾರ್ದನಿ ಬಹಳ ಕ್ಷೀಣ. ಆದರೆ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 50 ಲಕ್ಷ ಕಣಗಳಿರುವುದರಿಂದ ಎಲ್ಲವೂ ಸೇರಿ ಗುರುತಿಸಬಹುದಾದಷ್ಟು ಸದ್ದು ಮರಳುತ್ತದೆ.

ಕಳಿಸಿದ ಆವೃತ್ತಿ 50 ಲಕ್ಷ ಹರ್ಟ್ಸ್ ಇದ್ದು, ರಕ್ತ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹರಿಯುತ್ತಿದ್ದು, ಧ್ವನಿಯ ಹಾದಿಗೂ ರಕ್ತದ ಹಾದಿಗೂ ನಡುವೆ 60 ಡಿಗ್ರಿ ಕೋನವಿದ್ದರೆ, ಮರಳಿದ ಧ್ವನಿಯ ಆವೃತ್ತಿಯಲ್ಲಿ ಆಗುವ ಬದಲಾವಣೆ ಸುಮಾರು 3,250 ಹರ್ಟ್ಸ್. 50 ಲಕ್ಷದಲ್ಲಿ ಮೂರು ಸಾವಿರ ಚಿಲ್ಲರೆ! ಆದರೂ ಈ ವ್ಯತ್ಯಾಸ ನಮ್ಮ ಕಿವಿಗೆ ಕೇಳಿಸುವ ಮಿತಿಯೊಳಗೇ ಬೀಳುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಕೇಳಿಬರುವ ‘ಹುಶ್, ಹುಶ್’ ಸದ್ದು ಇದೇ. ಅದು ರಕ್ತ ಹರಿಯುವ ಸದ್ದಲ್ಲ. ಕಳಿಸಿದ ಮತ್ತು ಮರಳಿದ ಧ್ವನಿಗಳ ಆವೃತ್ತಿಯ ವ್ಯತ್ಯಾಸವನ್ನು ಯಂತ್ರ ಸ್ಪೀಕರಿಗೆ ಕೊಟ್ಟಾಗ ಕೇಳಿಸುವ ಸದ್ದು.

ಕೋನ: ಎಲ್ಲಕ್ಕಿಂತ ದೊಡ್ಡ ತೊಡಕು

ರಸ್ತೆಯ ಬದಿಯಲ್ಲಿ ನಿಂತವರಿಗೆ ನೇರವಾಗಿ ಎದುರು ಬರುವ ವಾಹನ ಎಷ್ಟು ಬೇಗ ಹತ್ತಿರವಾಗುತ್ತಿದೆ ಎಂದು ತಿಳಿಯುತ್ತದೆ. ಅದೇ ವಾಹನ ಕಣ್ಣೆದುರು ಅಡ್ಡ ಹಾಯುವ ಕ್ಷಣದಲ್ಲಿ ಹತ್ತಿರವೂ ಆಗುವುದಿಲ್ಲ, ದೂರವೂ ಆಗುವುದಿಲ್ಲ. ಡಾಪ್ಲರ್ ಯಂತ್ರಕ್ಕೆ ಕಾಣುವುದು ಈ ‘ಹತ್ತಿರವಾಗುವ, ದೂರವಾಗುವ’ ಭಾಗ ಮಾತ್ರ. ನಿಂತ ಕಂಬದ ನೆರಳು ಸೂರ್ಯನ ಸ್ಥಾನಕ್ಕೆ ತಕ್ಕಂತೆ ಉದ್ದವೋ ಗಿಡ್ಡವೋ ಆಗುವ ಹಾಗೆ, ರಕ್ತದ ನಿಜವಾದ ವೇಗದ ಎಷ್ಟು ಪಾಲು ಯಂತ್ರಕ್ಕೆ ಕಾಣುತ್ತದೆ ಎಂಬುದನ್ನು ಕೋನ ನಿರ್ಧರಿಸುತ್ತದೆ. ಧ್ವನಿಯು ಹರಿವಿನ ನೇರಕ್ಕೇ ಇದ್ದರೆ ಪೂರ್ತಿ ವೇಗ ಕಾಣುತ್ತದೆ, 60 ಡಿಗ್ರಿಯಲ್ಲಿ ಅರ್ಧ ಕಾಣುತ್ತದೆ, 90 ಡಿಗ್ರಿಯಲ್ಲಿ ಏನೂ ಕಾಣುವುದಿಲ್ಲ. ರಕ್ತ ಚೆನ್ನಾಗಿ ಹರಿಯುತ್ತಿದ್ದರೂ ಅಡ್ಡಕೋನದಲ್ಲಿ ನಾಳ ಖಾಲಿಯಂತೆ ತೋರಬಹುದು.

ಕಳೆದ ಪಾಲನ್ನು ಮರಳಿ ಸೇರಿಸಲು ಪರೀಕ್ಷಕರು ಪರದೆಯ ಮೇಲಿನ ಒಂದು ಸಣ್ಣ ಗೆರೆಯನ್ನು ನಾಳದ ದಿಕ್ಕಿಗೆ ಹೊಂದುವಂತೆ ತಿರುಗಿಸುತ್ತಾರೆ. ಯಂತ್ರ ಆ ಗೆರೆಯಿಂದ ಕೋನವನ್ನು ತಿಳಿದು, ಅದರ ಕೊಸೈನ್ ಬೆಲೆಯಿಂದ ಭಾಗಿಸಿ ವೇಗ ಹೇಳುತ್ತದೆ. ಆರಂಭದಲ್ಲಿ ಹೇಳಿದ 140 ಮತ್ತು 118ರ ಗುಟ್ಟು ಇರುವುದು ಇಲ್ಲಿ. 50 ಲಕ್ಷ ಹರ್ಟ್ಸಿನ ಪ್ರೋಬ್‌ಗೆ ಸುಮಾರು 3,840 ಹರ್ಟ್ಸ್ ಬದಲಾವಣೆ ಸಿಕ್ಕಿತೆನ್ನೋಣ. ಗೆರೆಯನ್ನು 65 ಡಿಗ್ರಿಗೆ ತಿರುಗಿಸಿದರೆ ಯಂತ್ರ 140 ಎನ್ನುತ್ತದೆ, 60 ಡಿಗ್ರಿಗೆ ತಿರುಗಿಸಿದರೆ 118 ಎನ್ನುತ್ತದೆ. ಮರಳಿ ಬಂದ ಧ್ವನಿ ಎರಡೂ ಸಲ ಒಂದೇ. ಬೇರೆಯಾದದ್ದು ಐದು ಡಿಗ್ರಿಯ ತೀರ್ಮಾನ.

ಇದೇ ಐದು ಡಿಗ್ರಿಯ ತಪ್ಪು ಎಲ್ಲ ಕಡೆಯೂ ಇಷ್ಟೇ ಹಾನಿ ಮಾಡುವುದಿಲ್ಲ. 30 ಡಿಗ್ರಿಯ ಬಳಿ ಅದರಿಂದ ಆಗುವ ವ್ಯತ್ಯಾಸ ಶೇಕಡಾ 5ರಷ್ಟು, 60ರ ಬಳಿ ಶೇಕಡಾ 15ರಷ್ಟು, 80ರ ಬಳಿ ಶೇಕಡಾ 50ರಷ್ಟು. ಕೋನವನ್ನು 60 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇಟ್ಟುಕೊಳ್ಳಬೇಕೆಂಬ ನಿಯಮ ಹುಟ್ಟಿದ್ದು ಈ ಲೆಕ್ಕದಿಂದ. ಅದಕ್ಕಾಗಿ ಪ್ರೋಬನ್ನು ಒಂದು ತುದಿಯಲ್ಲಿ ಮೆಲ್ಲಗೆ ಒತ್ತಿ ಓರೆ ಮಾಡುವುದು, ಧ್ವನಿಯ ಹಾದಿಯನ್ನು ಯಂತ್ರದಿಂದಲೇ ಬಾಗಿಸುವುದು, ರೋಗಿಯ ಕುತ್ತಿಗೆಯನ್ನು ಸ್ವಲ್ಪ ತಿರುಗಿಸುವುದು, ಇವೆಲ್ಲ ದಿನನಿತ್ಯದ ಉಪಾಯಗಳು. ಹೃದಯದ ಪರೀಕ್ಷೆಯಲ್ಲಿ ಇನ್ನೊಂದು ಕ್ರಮವಿದೆ. ಅಲ್ಲಿ ರಕ್ತದ ಚಿಲುಮೆ ಯಾವ ಕಡೆ ಓರೆಯಾಗಿದೆ ಎಂದು ಚಿತ್ರದಲ್ಲಿ ಖಚಿತವಾಗಿ ಕಾಣದ ಕಾರಣ ಕೋನವನ್ನು ಊಹಿಸಿ ತಿದ್ದುವುದಕ್ಕಿಂತ, ಎದೆಯ ಬೇರೆ ಬೇರೆ ಕಡೆಗಳಿಂದ ಅಳೆದು ಸಿಕ್ಕ ಅತಿ ಹೆಚ್ಚಿನ ವೇಗವನ್ನೇ ಹಿಡಿಯುತ್ತಾರೆ, ಏಕೆಂದರೆ ಓರೆಯಾಗಿ ನೋಡಿದಾಗ ವೇಗ ಕಡಿಮೆಯಾಗಿ ಕಾಣಬಹುದೇ ಹೊರತು ಹೆಚ್ಚಾಗಿ ಕಾಣದು.

ಕೋನದ ಗೊಡವೆಯೇ ಬೇಡವಾದ ಅಳತೆಗಳೂ ಇವೆ. ಗರ್ಭದಲ್ಲಿರುವ ಮಗುವಿನ ಹೊಕ್ಕುಳಬಳ್ಳಿ ಹಗ್ಗದಂತೆ ಹೊಸೆದುಕೊಂಡಿರುವುದರಿಂದ ಅಲ್ಲಿ ಕೋನ ಹೇಳುವುದು ಕಷ್ಟ. ಆದ್ದರಿಂದ ಹೃದಯ ಸಂಕುಚಿಸಿದಾಗಿನ ಗರಿಷ್ಠ ವೇಗಕ್ಕೂ, ಹಿಗ್ಗುವಿಕೆಯ ಕೊನೆಯಲ್ಲಿನ ವೇಗಕ್ಕೂ ಇರುವ ಅನುಪಾತವನ್ನು ನೋಡುತ್ತಾರೆ. ಕೋನದ ತಪ್ಪು ಎರಡನ್ನೂ ಒಂದೇ ಪ್ರಮಾಣದಲ್ಲಿ ಬದಲಿಸುವುದರಿಂದ ಅನುಪಾತ ಕೆಡುವುದಿಲ್ಲ. ಮಾಸಿನಲ್ಲಿ ರಕ್ತದ ಹಾದಿಗೆ ಎಷ್ಟು ತಡೆಯಿದೆ ಎಂಬುದನ್ನು ಈ ಸರಳ ಭಾಗಾಕಾರ ಹೇಳುತ್ತದೆ. ಅಳತೆಯನ್ನು ಸುಧಾರಿಸಲು ಹೊಸ ಯಂತ್ರವೇ ಬೇಕಿಲ್ಲ, ಕೇಳುವ ಪ್ರಶ್ನೆಯನ್ನು ಬದಲಿಸಿಯೂ ಸುಧಾರಿಸಬಹುದು ಎಂಬುದಕ್ಕೆ ನನಗೆ ಬಹಳ ಮೆಚ್ಚುಗೆಯಾದ ಉದಾಹರಣೆ ಇದು.

ಹಿಂದಕ್ಕೆ ತಿರುಗುವ ಚಕ್ರ

ಸಿನಿಮಾದಲ್ಲಿ ಬಂಡಿ ಮುಂದಕ್ಕೆ ಓಡುತ್ತಿರುವಾಗ ಅದರ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದುಂಟು. ಕ್ಯಾಮೆರಾ ಬಿಡಿಬಿಡಿ ಚಿತ್ರಗಳನ್ನು ತೆಗೆಯುತ್ತದೆ. ಎರಡು ಚಿತ್ರಗಳ ನಡುವೆ ಚಕ್ರ ಬಹಳ ತಿರುಗಿಬಿಟ್ಟರೆ ಕಣ್ಣು ಮೋಸ ಹೋಗುತ್ತದೆ. ಡಾಪ್ಲರ್ ಯಂತ್ರಕ್ಕೂ ಇದೇ ತೊಂದರೆ. ನಿರ್ದಿಷ್ಟ ಆಳದ ರಕ್ತವನ್ನಷ್ಟೇ ಅಳೆಯಬೇಕಾದಾಗ ಯಂತ್ರ ಧ್ವನಿಯನ್ನು ಸತತವಾಗಿ ಕಳಿಸದೆ ತುಣುಕು ತುಣುಕಾಗಿ ಕಳಿಸುತ್ತದೆ. ಒಂದು ತುಣುಕಿನ ಮಾರ್ದನಿ ಮರಳಿದ ಮೇಲೆಯೇ ಮುಂದಿನದನ್ನು ಕಳಿಸಬೇಕು. ಮೃದು ಅಂಗಾಂಶದಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,540 ಮೀಟರ್ ಆದ್ದರಿಂದ 5 ಸೆಂಟಿಮೀಟರ್ ಆಳಕ್ಕೆ ಸೆಕೆಂಡಿಗೆ ಹೆಚ್ಚೆಂದರೆ 15,400 ತುಣುಕುಗಳು, 15 ಸೆಂಟಿಮೀಟರ್ ಆಳಕ್ಕೆ ಸುಮಾರು 5,130 ಮಾತ್ರ ಸಾಧ್ಯ. ತುಣುಕುಗಳ ಈ ಸಂಖ್ಯೆಯ ಅರ್ಧಕ್ಕಿಂತ ಹೆಚ್ಚಿನ ಆವೃತ್ತಿ ಬದಲಾವಣೆಯನ್ನು ಯಂತ್ರ ಸರಿಯಾಗಿ ಗುರುತಿಸಲಾರದು. ಆಗ ಹೊತ್ತು ಕಳೆದಂತೆ ವೇಗ ಹೇಗೆ ಏರಿಳಿಯುತ್ತದೆ ಎಂದು ಪರದೆಯ ಮೇಲೆ ತೋರಿಸುವ ಗ್ರಾಫಿನ ಶಿಖರ ಮೇಲ್ಗಡೆ ಕತ್ತರಿಸಿಹೋಗಿ ಕೆಳಗಡೆ, ಉಲ್ಟಾ ದಿಕ್ಕಿನ ಹರಿವಿನಂತೆ, ಕಾಣಿಸಿಕೊಳ್ಳುತ್ತದೆ.

ಇದಕ್ಕೆ ಪರಿಹಾರಗಳು ಹಲವು. ಅಳತೆಯ ಶ್ರೇಣಿಯನ್ನು ಏರಿಸಬಹುದು, ಗ್ರಾಫಿನ ಸೊನ್ನೆಯ ಗೆರೆಯನ್ನು ಕೆಳಗಿಳಿಸಿ ಒಂದೇ ದಿಕ್ಕಿಗೆ ಹೆಚ್ಚು ಜಾಗ ಮಾಡಿಕೊಳ್ಳಬಹುದು, ಕಡಿಮೆ ಆವೃತ್ತಿಯ ಪ್ರೋಬ್ ಬಳಸಬಹುದು. ಆದರೆ 15 ಸೆಂಟಿಮೀಟರ್ ಆಳದಲ್ಲಿ 25 ಲಕ್ಷ ಹರ್ಟ್ಸಿನ ಪ್ರೋಬ್‌ನಿಂದ ನೇರ ದಿಕ್ಕಿನಲ್ಲಿ ಗೊಂದಲವಿಲ್ಲದೆ ಅಳೆಯಬಹುದಾದ ವೇಗ ಸೆಕೆಂಡಿಗೆ 80 ಸೆಂಟಿಮೀಟರಿಗಿಂತ ತುಸು ಕಡಿಮೆ. ಸೊನ್ನೆಯ ಗೆರೆ ಸರಿಸಿದರೆ ಅದರ ಎರಡರಷ್ಟು. ಕಿರಿದಾದ ಕವಾಟದ 4 ಮೀಟರ್ ವೇಗಕ್ಕೆ ಇದು ಸಾಲದು. ಅಲ್ಲಿ ಒಂದು ಭಾಗ ಬಿಡದೆ ಧ್ವನಿ ಕಳಿಸುತ್ತಾ, ಇನ್ನೊಂದು ಭಾಗ ಬಿಡದೆ ಕೇಳಿಸಿಕೊಳ್ಳುವ ಸತತ ಡಾಪ್ಲರ್ ವಿಧಾನವನ್ನು ಬಳಸುತ್ತಾರೆ. ಅದಕ್ಕೆ ವೇಗದ ಈ ಮಿತಿ ಇಲ್ಲ. ಬದಲಿಗೆ ಆ ವೇಗ ಯಾವ ಆಳದಿಂದ ಬಂತು ಎಂದು ಅದು ಹೇಳಲಾರದು.

ಗದ್ದಲದ ನಡುವೆ ಪಿಸುಮಾತು

ರಕ್ತದಿಂದ ಬರುವ ಮಾರ್ದನಿಗಿಂತ ನಾಳದ ಗೋಡೆಯಿಂದ ಬರುವ ಮಾರ್ದನಿ ನೂರು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಪ್ರಬಲ. ಗೋಡೆಯೂ ನಾಡಿಮಿಡಿತಕ್ಕೆ ತಕ್ಕಂತೆ ಅಲುಗುತ್ತದೆ, ಆದರೆ ನಿಧಾನವಾಗಿ. ಹೀಗಾಗಿ ಕಡಿಮೆ ಆವೃತ್ತಿ ಬದಲಾವಣೆಗಳನ್ನೆಲ್ಲ ಕತ್ತರಿಸಿ ಎಸೆಯುವ ಶೋಧಕವೊಂದನ್ನು ಯಂತ್ರದಲ್ಲಿ ಅಳವಡಿಸಿರುತ್ತಾರೆ. ಜರಡಿಯ ಕಣ್ಣು ದೊಡ್ಡದಾದರೆ ಹೊಟ್ಟಿನ ಜೊತೆ ಸಣ್ಣ ಕಾಳೂ ಜಾರುವಂತೆ, ಶೋಧಕವನ್ನು ಹೆಚ್ಚು ಏರಿಸಿದರೆ ನಿಧಾನವಾಗಿ ಹರಿಯುವ ರಕ್ತವೂ ಗೋಡೆಯ ಜೊತೆಗೆ ಅಳಿಸಿಹೋಗುತ್ತದೆ. 50 ಲಕ್ಷ ಹರ್ಟ್ಸಿನ ಪ್ರೋಬ್‌ನಲ್ಲಿ 60 ಡಿಗ್ರಿ ಕೋನಕ್ಕೆ 100 ಹರ್ಟ್ಸಿನ ಶೋಧಕ ಹಾಕಿದರೆ ಸೆಕೆಂಡಿಗೆ 3 ಸೆಂಟಿಮೀಟರಿಗಿಂತ ನಿಧಾನವಾದ ಹರಿವು ಪರದೆಯಿಂದ ಮಾಯವಾಗುತ್ತದೆ. ಹೊಕ್ಕುಳಬಳ್ಳಿಯ ಪರೀಕ್ಷೆಯಲ್ಲಿ ಇದು ಗಂಭೀರ ವಿಷಯ. ಹಿಗ್ಗುವಿಕೆಯ ಕೊನೆಯಲ್ಲಿ ಹರಿವೇ ಇಲ್ಲ ಎಂಬುದು ಮಗುವಿನ ಸ್ಥಿತಿಯ ಬಗ್ಗೆ ಆತಂಕಕ್ಕೆ ಕಾರಣವಾಗುವ ಲಕ್ಷಣ, ಆದರೆ ಶೋಧಕದ ತಪ್ಪಿನಿಂದಲೂ ಅದೇ ಚಿತ್ರ ಮೂಡಬಹುದು. ಆದ್ದರಿಂದ ಅಂಥ ಚಿತ್ರ ಕಂಡಾಗ ಶೋಧಕವನ್ನು ಇಳಿಸಿ, ಕೋನವನ್ನು ಕಡಿಮೆ ಮಾಡಿ, ಮತ್ತೆ ನೋಡಿಯೇ ತೀರ್ಮಾನಿಸಬೇಕು.

ಬಣ್ಣದ ಚಿತ್ರ ಏನನ್ನು ಹೇಳುತ್ತದೆ

ಪರದೆಯ ಮೇಲಿನ ಕೆಂಪು ಮತ್ತು ನೀಲಿಗೆ ಶುದ್ಧ ರಕ್ತ, ಅಶುದ್ಧ ರಕ್ತ ಎಂಬ ಅರ್ಥವಿಲ್ಲ. ಸಾಮಾನ್ಯವಾಗಿ ಪ್ರೋಬಿನ ಕಡೆ ಬರುವ ರಕ್ತಕ್ಕೆ ಕೆಂಪು, ದೂರ ಹೋಗುವ ರಕ್ತಕ್ಕೆ ನೀಲಿ ಕೊಡುತ್ತಾರೆ; ಬೇಕಾದರೆ ಅದಲುಬದಲು ಮಾಡಬಹುದು. ಜಪಾನಿನ ಕಸಾಯ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಲೆಕ್ಕಾಚಾರದ ವಿಧಾನದಿಂದ ಈ ಬಣ್ಣದ ಚಿತ್ರ ಆಗಿಂದಾಗಲೇ ಪರದೆಯ ಮೇಲೆ ಮೂಡುವಂತಾಯಿತು. ಪ್ರತಿ ಬಿಂದುವಿನಲ್ಲೂ ಬಣ್ಣ ಹೇಳುವುದು ಸರಾಸರಿ ವೇಗವನ್ನು, ಅದೂ ಕೋನವನ್ನು ತಿದ್ದದೆ. ಹಾಗಾಗಿ ಬಣ್ಣವನ್ನು ದಾರಿ ತೋರುವ ನಕ್ಷೆಯಂತೆ ಬಳಸಿ, ಎಲ್ಲಿ ಹರಿವು ರಭಸವಾಗಿದೆ ಎಂದು ಗುರುತಿಸಿ, ಅಲ್ಲಿಗೆ ಅಳತೆಯ ಕಿಂಡಿಯನ್ನು, ಅಂದರೆ ಯಾವ ಜಾಗದ ರಕ್ತವನ್ನು ಅಳೆಯಬೇಕೆಂದು ಪರದೆಯ ಮೇಲೆ ತೋರಿಸುವ ಗುರುತನ್ನು, ಒಯ್ದು, ಗ್ರಾಫ್ ತೆಗೆದು ಗರಿಷ್ಠ ವೇಗವನ್ನು ಓದುವುದು ಸರಿಯಾದ ಕ್ರಮ. ಇಕ್ಕಟ್ಟಾದ ಜಾಗದಿಂದ ಕಿಂಡಿ ತುಸು ಆಚೆ ಸರಿದರೂ ನಿಜವಾದ ಶಿಖರ ತಪ್ಪಿಹೋಗುತ್ತದೆ. ಹೃದಯದ ಬಡಿತ ಏರುಪೇರಾಗಿದ್ದರೆ ಒಂದೇ ಮಿಡಿತವನ್ನು ನಂಬದೆ ಹಲವು ಮಿಡಿತಗಳ ಸರಾಸರಿ ತೆಗೆಯಬೇಕು.

ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ದೋಷವಿದೆ. ಪ್ರೋಬಿನ ಮುಖ ಒಂದು ಬಿಂದುವಲ್ಲ, ಕೆಲವು ಸೆಂಟಿಮೀಟರ್ ಅಗಲದ ಪಟ್ಟಿ. ಅದರ ಒಂದು ತುದಿಗೆ ನಾಳ 60 ಡಿಗ್ರಿಯಲ್ಲಿ ಕಂಡರೆ ಇನ್ನೊಂದು ತುದಿಗೆ ಅದಕ್ಕಿಂತ ಕಡಿಮೆ ಕೋನದಲ್ಲಿ ಕಾಣುತ್ತದೆ. ಒಂದೇ ವೇಗದ ರಕ್ತವೂ ಹೀಗೆ ಹಲವು ವೇಗಗಳಾಗಿ ಹರಡಿ ಕಾಣುವುದರಿಂದ ಗ್ರಾಫಿನ ಮೇಲಂಚನ್ನು ಓದಿದಾಗ ಗರಿಷ್ಠ ವೇಗ ನಿಜಕ್ಕಿಂತ ಹೆಚ್ಚಾಗಿಯೇ ಬರುತ್ತದೆ. ಕೋನ ಹೆಚ್ಚಿದಷ್ಟೂ ಈ ಉಬ್ಬರ ಹೆಚ್ಚು. ಒಬ್ಬರ ನಾಳವನ್ನು ವರ್ಷಗಳ ಕಾಲ ಗಮನಿಸುವಾಗ ಪ್ರತಿ ಸಲವೂ ಒಂದೇ ಕೋನದಲ್ಲಿ ಅಳೆಯುವುದು ಏಕೆ ಮುಖ್ಯ ಎಂಬುದು ಇದರಿಂದ ತಿಳಿಯುತ್ತದೆ.

ಹೊಸ ವಿಧಾನಗಳು ಏನನ್ನು ಸರಿಪಡಿಸುತ್ತವೆ

ಹಳೆಯ ಕ್ರಮದಲ್ಲಿ ಯಂತ್ರ ಒಂದೊಂದೇ ಗೆರೆಯಾಗಿ ಧ್ವನಿ ಕಳಿಸಿ ಚಿತ್ರ ಕಟ್ಟುತ್ತದೆ. ಕತ್ತಲ ಕೋಣೆಯನ್ನು ಟಾರ್ಚಿನಿಂದ ಮೂಲೆ ಮೂಲೆಯಾಗಿ ನೋಡಿದಂತೆ. ಪ್ಯಾರಿಸ್‌ನ ಮಥಿಯಾಸ್ ಫಿಂಕ್, ಮಿಕಾಯೆಲ್ ಟಾಂಟರ್ ಮುಂತಾದವರು ಬೆಳೆಸಿದ ಅತಿವೇಗದ ಚಿತ್ರಣದಲ್ಲಿ ಪ್ರೋಬಿನ ಎಲ್ಲ ಭಾಗಗಳೂ ಒಟ್ಟಿಗೆ ಧ್ವನಿ ಕಳಿಸುತ್ತವೆ, ದೀಪ ಹಾಕಿ ಇಡೀ ಕೋಣೆಯನ್ನು ಒಮ್ಮೆಲೇ ನೋಡಿದಂತಾಗುತ್ತದೆ. ಸೆಕೆಂಡಿಗೆ ಸಾವಿರಾರು ಚಿತ್ರಗಳು ಸಿಗುತ್ತವೆ. ಒಂದೊಂದು ಚಿತ್ರ ಮಸುಕಾಗಿದ್ದರೂ, ಬೇರೆ ಬೇರೆ ಓರೆಯಲ್ಲಿ ಕಳಿಸಿದ ಅಲೆಗಳ ಚಿತ್ರಗಳನ್ನು ಸೇರಿಸಿ ಸ್ಪಷ್ಟಗೊಳಿಸುತ್ತಾರೆ.

ಚಿತ್ರಗಳು ಇಷ್ಟೊಂದು ಸಿಕ್ಕಾಗ ಗೋಡೆಯ ಗದ್ದಲವನ್ನು ತೆಗೆಯಲೂ ಹೊಸ ದಾರಿ ತೆರೆಯುತ್ತದೆ. ಗಾಳಿಗೆ ತೂಗಾಡುವ ಹೊಲದ ಪೈರೆಲ್ಲ ಒಟ್ಟಾಗಿ ಬಾಗುತ್ತದೆ, ಅದರ ನಡುವೆ ಹಾರುವ ಜೇನುನೊಣಗಳು ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಹಾಗೆಯೇ ಅಂಗಾಂಶ ಒಟ್ಟಾಗಿ ಅಲುಗುತ್ತದೆ, ರಕ್ತಕಣಗಳು ಬಿಡಿಬಿಡಿಯಾಗಿ ಸಾಗುತ್ತವೆ. ಚಲನೆಯ ವೇಗವನ್ನಷ್ಟೇ ನೋಡದೆ ಈ ಒಗ್ಗಟ್ಟನ್ನು ಗಣಿತದಿಂದ ಗುರುತಿಸಿ ಬೇರ್ಪಡಿಸಿದರೆ, ಗೋಡೆಯಷ್ಟೇ ನಿಧಾನವಾಗಿ ಚಲಿಸುವ ರಕ್ತವೂ ಉಳಿದುಕೊಳ್ಳುತ್ತದೆ. ಹಳೆಯ ಶೋಧಕ ಇಂಥ ರಕ್ತವನ್ನು ಅಳಿಸಿಬಿಡುತ್ತಿತ್ತು.

ಕೋನದ ತೊಡಕಿಗೆ ಉತ್ತರ ವೆಕ್ಟರ್ ಡಾಪ್ಲರ್. ಒಂದೇ ಹರಿವನ್ನು ಎರಡು ಅಥವಾ ಹೆಚ್ಚು ದಿಕ್ಕುಗಳಿಂದ ಅಳೆದರೆ, ಎರಡು ನೆರಳುಗಳಿಂದ ಕಂಬದ ಓರೆಯನ್ನೂ ಉದ್ದವನ್ನೂ ಲೆಕ್ಕ ಹಾಕುವಂತೆ, ವೇಗ ಮತ್ತು ದಿಕ್ಕು ಎರಡೂ ಸಿಗುತ್ತವೆ. ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದ ಯೋರ್ಗನ್ ಯೆನ್ಸನ್ 1998ರಲ್ಲಿ ಸಹಲೇಖಕರೊಂದಿಗೆ ಪ್ರಕಟಿಸಿದ ವಿಧಾನವು ಧ್ವನಿಯ ಹಾದಿಗೆ ಅಡ್ಡಲಾಗಿಯೂ ಏರಿಳಿತ ಉಂಟುಮಾಡಿ, ಹಳೆಯ ಡಾಪ್ಲರ್‌ಗೆ ಕಾಣದಿದ್ದ ಅಡ್ಡ ಚಲನೆಯನ್ನೂ ಅಳೆಯುತ್ತದೆ. ಕವಲೊಡೆಯುವ ನಾಳದಲ್ಲಿ ಸುಳಿ ಹೇಗೆ ಏಳುತ್ತದೆ ಎಂಬುದನ್ನು ಸಣ್ಣ ಬಾಣಗಳ ರೂಪದಲ್ಲಿ ಇಂಥ ವಿಧಾನಗಳು ತೋರಿಸುತ್ತವೆ. ಗೆರೆಯನ್ನು ಕೈಯಿಂದ ತಿರುಗಿಸುವ ಕೆಲಸವೂ, ಅದರ ಜೊತೆಗೆ ಬರುವ ಐದು ಡಿಗ್ರಿಯ ಅನುಮಾನವೂ ಇಲ್ಲಿ ತಪ್ಪುತ್ತವೆ. ಆದರೆ ಎರಡು ಆಯಾಮದ ಚಿತ್ರದಲ್ಲಿ ಪರದೆಯ ಸಮತಲದಿಂದ ಹೊರಗೆ ಹರಿಯುವ ಭಾಗ ಇನ್ನೂ ಕಾಣುವುದಿಲ್ಲ, ಆಳ ಹೆಚ್ಚಿದಂತೆ ದಿಕ್ಕುಗಳ ನಡುವಿನ ಅಂತರ ಕಿರಿದಾಗಿ ನಿಖರತೆ ಕುಗ್ಗುತ್ತದೆ. ಕುತ್ತಿಗೆಯಂಥ ಮೇಲ್ಪದರದ ನಾಳಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡುವುದು ಈ ಕಾರಣದಿಂದ.

ಸಣ್ಣ ನಾಳಗಳಿಗೆ ರಕ್ತದೊಳಗೆ ಸೂಕ್ಷ್ಮ ಗುಳ್ಳೆಗಳನ್ನು ಸೇರಿಸುವ ವಿಧಾನವೂ ಇದೆ. ಗುಳ್ಳೆಗಳು ರಕ್ತಕಣಗಳಿಗಿಂತ ಬಹಳ ಜೋರಾಗಿ ಧ್ವನಿಯನ್ನು ಮರಳಿಸುತ್ತವೆ. ಒಂದೊಂದು ಗುಳ್ಳೆಯ ಜಾಡನ್ನೂ ಹಿಂಬಾಲಿಸಿ ಇಲಿಯ ಮೆದುಳಿನಲ್ಲಿ ಸುಮಾರು 10 ಮೈಕ್ರೋಮೀಟರ್ ಅಗಲದ ನಾಳಗಳನ್ನೂ, ಅವುಗಳಲ್ಲಿನ ವೇಗವನ್ನೂ ತೋರಿಸಿದ ಸಂಶೋಧನೆ 2015ರಲ್ಲಿ ಪ್ರಕಟವಾಯಿತು.

ಯಂತ್ರದ ಮಾತನ್ನು ಪರೀಕ್ಷಿಸುವುದು

ವೇಗ ತಿಳಿದಿರುವ ಹರಿವನ್ನು ಯಂತ್ರಕ್ಕೆ ತೋರಿಸಿ, ಅದು ಏನು ಹೇಳುತ್ತದೆ ಎಂದು ನೋಡುವುದೇ ನಿಖರತೆಯನ್ನು ಅಳೆಯುವ ದಾರಿ. ಅಂಗಾಂಶದಂತೆ ಧ್ವನಿಯನ್ನು ಸಾಗಿಸುವ ವಸ್ತುವಿನೊಳಗೆ ಕೊಳವೆಯನ್ನು ಹೂತು, ರಕ್ತವನ್ನು ಹೋಲುವ ದ್ರವವನ್ನು ಪಂಪಿನಿಂದ ಹರಿಸುವ ಮಾದರಿಗಳಿವೆ. ನೀರಿನಲ್ಲಿ ನಿಗದಿತ ವೇಗದಿಂದ ಓಡುವ ದಾರವನ್ನು ಅಳೆಯುವ ಇನ್ನೂ ಸರಳವಾದ ಸಾಧನವೂ ಇದೆ. ಎರಡು ಯಂತ್ರಗಳ ಅಂಕಿಗಳು ಹೊಂದುತ್ತವೆಯೇ, ಪ್ರೋಬಿನ ಕೆಲವು ಭಾಗಗಳು ಕೆಟ್ಟಿವೆಯೇ, ಶಿಖರದ ಉಬ್ಬರ ಎಷ್ಟು ಎಂಬುದೆಲ್ಲ ರೋಗಿಯ ಮೇಲೆ ಪ್ರಯೋಗಿಸದೆ ಇಲ್ಲಿಯೇ ತಿಳಿಯುತ್ತದೆ.

ಧ್ವನಿಯನ್ನು ಜೋರು ಮಾಡಿದರೆ ಅಳತೆ ಸುಧಾರಿಸುವುದಾದರೂ ಅದಕ್ಕೆ ಮಿತಿ ಇದೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಧ್ವನಿ ಕಳಿಸುವ ಡಾಪ್ಲರ್‌ನಿಂದ ಅಂಗಾಂಶ ಬಿಸಿಯಾಗುವ ಸಾಧ್ಯತೆ ಸಾಮಾನ್ಯ ಚಿತ್ರಣಕ್ಕಿಂತ ಹೆಚ್ಚು. ಆದ್ದರಿಂದ, ವಿಶೇಷವಾಗಿ ಗರ್ಭಧಾರಣೆಯ ಆರಂಭದ ವಾರಗಳಲ್ಲಿ, ಅಗತ್ಯವಿದ್ದರೆ ಮಾತ್ರ, ಸಾಕಾಗುವಷ್ಟೇ ಶಕ್ತಿಯಲ್ಲಿ, ಸಾಧ್ಯವಾದಷ್ಟು ಕಡಿಮೆ ಹೊತ್ತು ಬಳಸುವುದು ಎಲ್ಲೆಡೆ ಒಪ್ಪಿತವಾದ ಕ್ರಮ.

ವರದಿ ಕೈಯಲ್ಲಿರುವವರಿಗೆ

ಎರಡು ವರದಿಗಳ ಅಂಕಿಗಳು ಬೇರೆಯಾಗಿದ್ದರೆ ಜೊತೆಗಿರುವ ಚಿತ್ರಗಳನ್ನೂ ವೈದ್ಯರ ಬಳಿಗೆ ಒಯ್ಯಿರಿ. ಗ್ರಾಫ್ ಇರುವ ಚಿತ್ರದ ಅಂಚಿನಲ್ಲಿ ಸಾಮಾನ್ಯವಾಗಿ ಕೋನವೂ ಶೋಧಕದ ಬೆಲೆಯೂ ಅಚ್ಚಾಗಿರುತ್ತವೆ, ಅಳತೆಯ ಕಿಂಡಿ ನಾಳದ ಯಾವ ಜಾಗದಲ್ಲಿತ್ತು ಎಂಬುದೂ ಚಿತ್ರದಲ್ಲೇ ಕಾಣುತ್ತದೆ. ಕೋನ 60ಕ್ಕಿಂತ ಹೆಚ್ಚಿತ್ತೇ, ಎರಡೂ ಸಲ ಒಂದೇ ಇತ್ತೇ, ಗೆರೆ ನಾಳದ ಗೋಡೆಗೆ ಸಮಾನಾಂತರವಾಗಿದೆಯೇ ಎಂಬುದನ್ನು ವೈದ್ಯರು ಆ ಚಿತ್ರ ನೋಡಿಯೇ ಹೇಳಬಲ್ಲರು. ವೇಗವೊಂದನ್ನೇ ಹಿಡಿಯದೆ, ಚಿತ್ರದಲ್ಲಿ ಕಾಣುವ ಕೊಬ್ಬಿನ ಪದರವನ್ನೂ, ಒಳ ಶೀರ್ಷಧಮನಿಯ ವೇಗಕ್ಕೂ ಅದರ ಕೆಳಗಿನ ಮೂಲ ನಾಳದ ವೇಗಕ್ಕೂ ಇರುವ ಅನುಪಾತವನ್ನೂ ಅವರು ಒಟ್ಟಿಗೆ ಇಟ್ಟು ನೋಡುತ್ತಾರೆ. 140 ಮತ್ತು 118 ಎಂಬ ಎರಡು ಅಂಕಿಗಳಲ್ಲಿ ಯಾವುದು ಸತ್ಯಕ್ಕೆ ಹತ್ತಿರ ಎಂಬುದನ್ನು ಅನೇಕ ಸಲ ಮೂರನೆಯ ಪರೀಕ್ಷೆಯ ಅಗತ್ಯವಿಲ್ಲದೆ ಅಲ್ಲಿಯೇ ತೀರ್ಮಾನಿಸಬಹುದು.